ಒಂಬತ್ತು ಪಾಲಿನ ಲೆಕ್ಕ

'ದುಡ್ಡೇ ದೊಡ್ಡಪ್ಪ' ಎಂದು ನಮ್ಮ ಜನ ಹೇಳುತ್ತಾರೆ. ಈ ಗಾದೆಯಲ್ಲಿ ಕೊಂಚ ತಮಾಷೆಯಿದೆ, ಕೊಂಚ ಸಲಿಗೆಯೂ ಇದೆ. ದೊಡ್ಡಪ್ಪ ಎಷ್ಟೇ ಜೋರಿನವನಾದರೂ ಮನೆಯವನು. ಹಬ್ಬಕ್ಕೆ ಬಂದು, ಉಂಡು, ನಾಲ್ಕು ಮಾತು ಗದರಿ ಊರಿಗೆ ಹೋಗುತ್ತಾನೆ. ಯೇಸುಸ್ವಾಮಿ ಹಣದೊಡನೆ ಈ ಸಲಿಗೆಯನ್ನು ಇಟ್ಟುಕೊಳ್ಳಲಿಲ್ಲ. ಆತನು ಅದನ್ನು ನೆಂಟನೆನ್ನದೆ ಯಜಮಾನನೆಂದು ಕರೆದನು. ಒಬ್ಬ ಆಳು ಇಬ್ಬರು ಯಜಮಾನರಿಗೆ ದುಡಿಯಲಾರನೆಂದು ಎಚ್ಚರಿಸಿದನು.

ನಾನು ಕ್ರೈಸ್ತರ ಮನೆಯಲ್ಲಿ ಹುಟ್ಟಿ ಬೆಳೆದವಳು. ಕಾಲೇಜಿನಲ್ಲಿ ಗೆಳತಿಯರು ನನ್ನನ್ನು ಎರಡು ಪ್ರಶ್ನೆ ಕೇಳುವುದುಂಟು. ಐಶ್ವರ್ಯವಂತನು ದೇವರ ರಾಜ್ಯವನ್ನು ಸೇರುವುದು ಒಂಟೆ ಸೂಜಿಯ ಕಣ್ಣಿನಲ್ಲಿ ನುಗ್ಗುವುದಕ್ಕಿಂತ ಕಷ್ಟವಂತೆ. ಹಾಗಾದರೆ ಕ್ರೈಸ್ತರಲ್ಲಿ ಇಷ್ಟೊಂದು ಮಂದಿ ಶ್ರೀಮಂತರು ಹೇಗಿದ್ದಾರೆ ಎಂಬುದು ಒಂದು. ಚರ್ಚಿಗೆ ಹತ್ತರಲ್ಲೊಂದು ಪಾಲು ಕೊಡಬೇಕಂತೆ, ಹೌದೆ ಎಂಬುದು ಇನ್ನೊಂದು. ಇವಕ್ಕೆ ಉತ್ತರ ಹುಡುಕಹೊರಟದ್ದರಿಂದ ಈ ಲೇಖನ ಹುಟ್ಟಿತು.

ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಹತ್ತರಲ್ಲೊಂದರ ಕಟ್ಟಳೆ ಹಳೆಯ ಒಡಂಬಡಿಕೆಯದು. ದವಸಧಾನ್ಯ, ದ್ರಾಕ್ಷಾರಸ, ಎಣ್ಣೆ, ದನಕುರಿ ಇವುಗಳ ದಶಮಾಂಶವನ್ನು ತೆಗೆದಿಡಬೇಕಾಗಿತ್ತು. ಯಾಜಕ ಕುಲದವರಲ್ಲದೆ ಪರದೇಶಿಗಳೂ ವಿಧವೆಯರೂ ತಂದೆಯಿಲ್ಲದ ಮಕ್ಕಳೂ ಅದರಿಂದ ಉಣ್ಣಬೇಕಾಗಿತ್ತು. ವಿನೋಬನಗರದ ನಮ್ಮ ಮನೆಯಲ್ಲಿ ಅಮ್ಮ ಬಟ್ಟೆ ಹೊಲಿದು ಬಂದ ಹಣವನ್ನು ಶನಿವಾರ ರಾತ್ರಿ ಎಣಿಸಿ, ಒಂದು ಪಾಲನ್ನು ಬಿಸ್ಕತ್ತಿನ ಹಳೆಯ ಡಬ್ಬಿಯಲ್ಲಿ ಹಾಕುತ್ತಾರೆ. 'ದೇವರಿಗೆ ಒಂದು ಕೊಟ್ಟಾಯಿತಲ್ಲ, ಇನ್ನು ಒಂಬತ್ತು ನಮ್ಮದೇ' ಎಂದು ನಾನೊಮ್ಮೆ ನಕ್ಕಾಗ ಅಮ್ಮ ಹೇಳಿದರು: "ಹಂಗಲ್ಲ ಕಣೆ. ಹತ್ತೂ ಅವನದೇ. ಅವನು ಲೆಕ್ಕ ಕೇಳೋದು ಒಂಬತ್ತಕ್ಕೆ."

ಅಮ್ಮ ಓದಿದ್ದು ಏಳನೆಯ ತರಗತಿಯವರೆಗೆ. ಆದರೂ ಈ ಒಂದು ಮಾತು ಸುವಾರ್ತೆಯ ತಿರುಳನ್ನೇ ಹಿಡಿದಿದೆಯೆಂದು ನನಗೆ ತೋರುತ್ತದೆ. ಯೆರೂಸಲೇಮಿನ ದೇವಾಲಯದಲ್ಲಿ ಧನಿಕರು ಕಾಣಿಕೆಯ ಪೆಟ್ಟಿಗೆಗೆ ಬಹಳ ಹಣ ಹಾಕಿದರು. ಒಬ್ಬ ಬಡ ವಿಧವೆ ಎರಡು ಕಾಸು ಹಾಕಿದಳು. ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಅವಳೇ ಎಂದು ಯೇಸು ಶಿಷ್ಯರಿಗೆ ತೋರಿಸಿದನು. ಪೆಟ್ಟಿಗೆಗೆ ಬಿದ್ದದ್ದನ್ನು ಎಣಿಸಿದರೆ ಈ ಮಾತು ಕೂಡುವುದಿಲ್ಲ. ಹಾಕಿದ ಮೇಲೆ ಕೈಯಲ್ಲಿ ಉಳಿದದ್ದನ್ನು ಎಣಿಸಿದರೆ ಮಾತ್ರ ಕೂಡುತ್ತದೆ.

ಇದೇ ಬಗೆಯ ಲೆಕ್ಕವನ್ನು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ ಹೇಳಿದನು. ಹಿಂದೆ ಮೈಸೂರು ಸಂಸ್ಥಾನದಲ್ಲಿ ಶಾಲೆಗಳನ್ನೂ ಮುದ್ರಣಾಲಯವನ್ನೂ ನಡೆಸಿದ ವೆಸ್ಲಿಯನ್ ಮಿಷನ್ನಿಗೆ ಅವನದೇ ಹೆಸರು. ಆ ಸಭೆಗಳು ೧೯೪೭ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಸೇರಿದವು. ವೆಸ್ಲಿ ತನ್ನ ಒಂದು ಪ್ರಸಂಗದಲ್ಲಿ ಆಕ್ಸ್‌ಫರ್ಡಿನ ಒಬ್ಬ ಯುವಕನ ವಿಚಾರ ಹೇಳುತ್ತಾನೆ. ಅವನ ವರಮಾನ ವರ್ಷಕ್ಕೆ ೩೦ ಪೌಂಡು. ೨೮ರಲ್ಲಿ ಜೀವಿಸಿ ೨ನ್ನು ದಾನಮಾಡಿದನು. ಮರುವರ್ಷ ವರಮಾನ ೬೦ ಆಯಿತು; ಆಗಲೂ ಖರ್ಚು ೨೮, ದಾನ ೩೨. ಮುಂದೆ ೯೦, ಆಮೇಲೆ ೧೨೦ ಬಂದಾಗಲೂ ಅವನ ಖರ್ಚು ೨೮ರಿಂದ ಮೇಲೇರಲಿಲ್ಲ. ಅರ್ಥಶಾಸ್ತ್ರದ ಮಿತ್ರರು ಬೆಲೆಯೇರಿಕೆಯ ಮಾತೆತ್ತಬಹುದು. ಒಪ್ಪಿದೆ, ೨೮ ಎಂಬ ಅಂಕಿ ಮುಖ್ಯವಲ್ಲ. ವರಮಾನ ಏರಿದಂತೆಲ್ಲ ಅಗತ್ಯಗಳೂ ಏರಲೇಬೇಕೆ ಎಂಬ ಪ್ರಶ್ನೆ ಮುಖ್ಯ. ವೆಸ್ಲಿಗೆ ಒಂದು ಹೆದರಿಕೆಯೂ ಇತ್ತು: ಭಕ್ತಿಯಿಂದ ದುಡಿಮೆ ಮತ್ತು ಮಿತವ್ಯಯ ಹುಟ್ಟುತ್ತವೆ, ಅವುಗಳಿಂದ ಐಶ್ವರ್ಯ ಹುಟ್ಟುತ್ತದೆ, ಆ ಐಶ್ವರ್ಯವೇ ಕಡೆಗೆ ಭಕ್ತಿಯನ್ನು ತಿನ್ನುತ್ತದೆ.

ಇಷ್ಟು ಪುಸ್ತಕದ ಮಾತಾಯಿತು. ಎರಡು ವರ್ಷದ ಹಿಂದೆ ಈ ಪ್ರಶ್ನೆ ನಮ್ಮ ಮನೆಯ ಒಳಕ್ಕೇ ಬಂದಿತು. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ದುಡಿದ ಅಪ್ಪನಿಗೆ ನಿವೃತ್ತಿಯ ಹಣ ಬಂದಿತು. ಮನೆಯ ಸಾಲ ತೀರಿ ಒಂದೂವರೆ ಲಕ್ಷ ರೂಪಾಯಿ ಉಳಿಯಿತು. ಅಣ್ಣ ಬೆಂಗಳೂರಿನಿಂದ ಬಂದವನು ಹೇಳಿದ: "ಅಪ್ಪಾ, ಬ್ಯಾಂಕಿನಲ್ಲಿಟ್ಟರೆ ಏನು ಬರುತ್ತೆ? ಹೊರಗೆ ಬಡ್ಡಿಗೆ ಬಿಟ್ಟರೆ ಲಕ್ಷಕ್ಕೆ ತಿಂಗಳಿಗೆ ಮೂರು ಸಾವಿರ. ಇವಳ ಎಂ.ಎ. ಖರ್ಚು ಅದರಲ್ಲೇ ಕಳೆಯುತ್ತೆ." ಬ್ಯಾಂಕಿನಲ್ಲಿ ಬರುವುದು ಅದರ ಐದನೆಯ ಒಂದು ಪಾಲಿನಷ್ಟು, ಅವನ ಲೆಕ್ಕ ತಪ್ಪಲ್ಲ. ಮೇಲಾಗಿ ತಲಾಂತುಗಳ ಸಾಮ್ಯವನ್ನೂ ನೆನಪಿಸಿದ: ಹಣವನ್ನು ಮಣ್ಣಿನಲ್ಲಿ ಹೂತಿಟ್ಟ ಆಳನ್ನು ಧಣಿ ಗದರಿಸಿ, ಸಾಹುಕಾರರಲ್ಲಿಟ್ಟು ಬಡ್ಡಿಯನ್ನಾದರೂ ತರಬಾರದಾಗಿತ್ತೇ ಎಂದನಲ್ಲವೆ?

ಅಪ್ಪ ಕೇಳಿದ್ದು ಒಂದೇ ಮಾತು: "ಆ ಮೂರು ಸಾವಿರ ಯಾರ ಮನೆಯಿಂದ ಬರುತ್ತೆ ಅಂತ ವಿಚಾರಿಸಿದೆಯೇನೋ?"

ಬಡವನಿಂದ ಬಡ್ಡಿ ತೆಗೆಯಬಾರದೆಂದು ಮೋಶೆಯ ಧರ್ಮಶಾಸ್ತ್ರ ವಿಧಿಸಿತ್ತು. ಬಹಿರಂಗವಾಗಿ ಬಡ್ಡಿ ವ್ಯಾಪಾರ ಮಾಡುವವನಿಗೆ ಕ್ರೈಸ್ತ ಸಂಸ್ಕಾರದ ಸಮಾಧಿಯಿಲ್ಲವೆಂದು ೧೧೭೯ರಲ್ಲಿ ರೋಮಿನ ಲ್ಯಾಟರನ್ ಮಹಾಸಭೆ ತೀರ್ಮಾನಿಸಿತು. ಹದಿನಾರನೆಯ ಶತಮಾನದಲ್ಲಿ ಕ್ಯಾಲ್ವಿನನು ವ್ಯಾಪಾರದ ಸಾಲಕ್ಕೆ ಮಿತವಾದ ಬಡ್ಡಿಯನ್ನು ಒಪ್ಪಿದರೂ ಬಡವನ ಅಗತ್ಯವನ್ನು ಲಾಭಕ್ಕೆ ಬಳಸುವುದನ್ನು ಒಪ್ಪಲಿಲ್ಲ. ನಮ್ಮ ಕರಾವಳಿಯಲ್ಲಿ ೧೯೧೨ರಲ್ಲಿ ಮಂಗಳೂರಿನ ಕ್ಯಾಥೊಲಿಕರು ಸಹಕಾರಿ ಬ್ಯಾಂಕನ್ನು ಕಟ್ಟಿದರು. ಸಾಲ ಕೊಡುವವರೂ ಪಡೆಯುವವರೂ ಒಂದೇ ಸಂಘದ ಸದಸ್ಯರಾಗಿರುವ ಸಹಕಾರದ ಪದ್ಧತಿ ಈ ಹಳೆಯ ತೊಡಕಿಗೆ ಒಂದು ಒಳ್ಳೆಯ ಪರಿಹಾರವೆಂದು ನನ್ನ ಎಣಿಕೆ.

ಹಾಗೆಂದು ಹಣ ಸಂಪಾದನೆಯೇ ಪಾಪವಲ್ಲ. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ನೇಯ್ಗೆಯ ಮಗ್ಗಗಳನ್ನು ಹಾಕಿದರು. ೧೮೬೫ರಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಕ್ರೈಸ್ತರಾದವರಿಗೆ ಮನೆಯೂ ಕುಲಕಸುಬೂ ತಪ್ಪಿಹೋಗುತ್ತಿದ್ದುದರಿಂದ ಅವರಿಗೆ ದುಡಿಮೆ ಬೇಕಾಗಿತ್ತು. ಸುವಾರ್ತೆ ಸಾರುವವರು ಕಾರ್ಖಾನೆಯ ಲಾಭ ಎಣಿಸಬಹುದೇ ಎಂದು ಅವರಲ್ಲಿಯೇ ಚರ್ಚೆ ನಡೆಯಿತು. ಆ ಚರ್ಚೆ ನಡೆದದ್ದೇ ಒಳ್ಳೆಯ ಲಕ್ಷಣ. ಈಗ ಮೊಬೈಲಿನಲ್ಲಿ ಕೇಳಿಬರುವ ಕೆಲವು ಬೋಧಕರಿಗೆ ಅಂಥ ಶಂಕೆಯೇ ಇಲ್ಲ. ಸಾವಿರ ಕೊಡಿ, ದೇವರು ನೂರ್ಮಡಿಯಾಗಿ ಹಿಂದಿರುಗಿಸುವನು ಎನ್ನುತ್ತಾರೆ. ಇದಕ್ಕೆ ದಾನವೆಂಬ ಹೆಸರು ಸಲ್ಲದು. ಇದೂ ಬಡ್ಡಿಗೆ ಬಿಡುವುದೇ. ಸಾಲಗಾರನ ಜಾಗದಲ್ಲಿ ಮಾತ್ರ ದೇವರನ್ನು ಕೂರಿಸಿದ್ದಾರೆ.

ನಮ್ಮ ಬಡಾವಣೆಯ ಹೆಸರಿನ ಹಿಂದಿರುವ ವಿನೋಬಾ ಭಾವೆಯವರೂ ಈ ಸಂದರ್ಭದಲ್ಲಿ ನೆನಪಾಗುತ್ತಾರೆ. ಕ್ರಿಸ್ತನ ಬೋಧೆಗಳನ್ನು ಆಯ್ದು ಒಂದು ಪುಸ್ತಕವನ್ನೇ ಮಾಡಿದವರು ಅವರು. ೧೯೫೧ರ ಏಪ್ರಿಲ್ ೧೮ರಂದು ತೆಲಂಗಾಣದ ಪೋಚಂಪಳ್ಳಿಯಲ್ಲಿ ನೂರು ಎಕರೆ ಭೂಮಿಯನ್ನು ದಾನವಾಗಿ ಪಡೆದು ಭೂದಾನದ ನಡಿಗೆಯನ್ನು ಆರಂಭಿಸಿದರು. ಐವರು ಮಕ್ಕಳಿದ್ದರೆ ನನ್ನನ್ನು ಆರನೆಯವನೆಂದು ತಿಳಿದು ಪಾಲು ಕೊಡಿ ಎಂಬುದು ಅವರ ಬೇಡಿಕೆ. ಬಹಳ ಮಂದಿ ಕೊಟ್ಟರು. ಕೆಲವರು ಕಲ್ಲುಬಂಜರನ್ನು ಕೊಟ್ಟು ಗದ್ದೆಯನ್ನು ಉಳಿಸಿಕೊಂಡರು. ಆರನೆಯ ಪಾಲಿನ ಲೆಕ್ಕ ಕಾಗದಕ್ಕೆ ಬಂದಿತು. ಉಳಿದ ಐದರ ಲೆಕ್ಕ ಕೇಳುವವರಿರಲಿಲ್ಲ.

ನಮ್ಮ ಮನೆಯ ಕಥೆಯನ್ನೂ ಮುಗಿಸಬೇಕಲ್ಲ. ಪೊಲೀಸ್ ಚೌಕಿಯ ಬಳಿ ಗಾಡಿಯಲ್ಲಿ ತರಕಾರಿ ಮಾರುವ ಅಕ್ಕನೊಬ್ಬರು ಬೆಳಿಗ್ಗೆ ಒಂಬೈನೂರು ಸಾಲ ಪಡೆದು ಸಂಜೆ ಸಾವಿರ ತೀರಿಸುತ್ತಿದ್ದರು. ಅಪ್ಪ ಅವರಿಗೆ ಇಪ್ಪತ್ತು ಸಾವಿರವನ್ನು ಬಡ್ಡಿಯಿಲ್ಲದೆ ಕೊಟ್ಟು, ಮಿಕ್ಕದ್ದನ್ನು ಬ್ಯಾಂಕಿನಲ್ಲಿಟ್ಟರು. ಈವರೆಗೆ ಹನ್ನೊಂದು ಸಾವಿರ ಹಿಂದಕ್ಕೆ ಬಂದಿದೆ. ಮಳೆಗಾಲದಲ್ಲಿ ಕಂತು ನಿಲ್ಲುತ್ತದೆ. ಅಣ್ಣ ಫೋನಿನಲ್ಲಿ ಗೊಣಗುತ್ತಾನೆ. ಅವನ ಗೊಣಗಾಟದಲ್ಲಿ ನನ್ನ ಮೇಲಿನ ಪ್ರೀತಿಯಿದೆಯೆಂದು ಬಲ್ಲೆ. ಮುಂದಿನ ವರ್ಷ ಶಂಕರಘಟ್ಟದ ವಿಶ್ವವಿದ್ಯಾನಿಲಯಕ್ಕೆ ಸೇರುವೆನೋ, ಒಂದು ವರ್ಷ ದುಡಿದು ಆಮೇಲೆ ಓದುವೆನೋ ಇನ್ನೂ ನಿಶ್ಚಯವಾಗಿಲ್ಲ. ಆದರೂ ಯಾರೋ ಒಬ್ಬ ತಾಯಿಯ ಸಂಜೆಯ ನೂರು ರೂಪಾಯಿಯಿಂದ ನನ್ನ ಶುಲ್ಕ ಕಟ್ಟಬೇಕಾಗಿಲ್ಲವೆಂಬ ನೆಮ್ಮದಿ ನನಗಿದೆ.

ಗೆಳತಿಯರ ಮೊದಲ ಪ್ರಶ್ನೆಗೆ ನನ್ನ ಉತ್ತರವೂ ಇಲ್ಲಿಯೇ ಇದೆ. ಐಶ್ವರ್ಯವಂತ ಕ್ರೈಸ್ತನಿಗೆ ಆ ಸೂಜಿಯ ಕಣ್ಣು ಇನ್ನೂ ಅಷ್ಟೇ ಕಿರಿದಾಗಿದೆ; ಹತ್ತರಲ್ಲೊಂದು ಕೊಟ್ಟ ಮಾತ್ರಕ್ಕೆ ಅದು ಅಗಲವಾಗುವುದಿಲ್ಲ. ನಮ್ಮಲ್ಲಿ ಹಲವರು ಇನ್ನೆರಡು ವರ್ಷದಲ್ಲಿ ಮೊದಲ ಸಂಬಳ ಎಣಿಸಲಿದ್ದೇವೆ. ದಾನದ ಪಾಲನ್ನು ಅವರವರ ಧರ್ಮ ಹೇಳಿಕೊಟ್ಟಂತೆ ತೆಗೆದಿಡೋಣ. ಆಮೇಲೆ ಉಳಿದ ಹಣ ಎಲ್ಲಿಂದ ಬಂದಿತು, ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಒಂದು ಹಾಳೆಯಲ್ಲಿ ಬರೆದುನೋಡೋಣ.