ಬಾವಿಗೆ ಇಳಿದದ್ದು

ಕುಣಿಗಲ್ಲಿನವಳು ಅಂದ ಕೂಡಲೇ ಎದುರಿನವರು ಎರಡರಲ್ಲಿ ಒಂದನ್ನು ಹೇಳುತ್ತಾರೆ. ಒಂದು, ಟಿಪ್ಪುವಿನ ಕಾಲದಿಂದ ಹೆಸರಾದ ಕುದುರೆ ಫಾರಂ. ಇನ್ನೊಂದು, ಮೂಡಲ ಕುಣಿಗಲ್ ಕೆರೆ. ಕೆರೆಯ ಹೆಸರೆತ್ತುವವರು ಅಷ್ಟಕ್ಕೇ ಬಿಡುವುದಿಲ್ಲ, ಎರಡು ಸಾಲು ಹಾಡಿಯೂ ತೋರಿಸುತ್ತಾರೆ. ಸ್ಟಾಫ್ ರೂಮಿನಲ್ಲಿ ಹಾಡಿದ್ದಾರೆ, ಮದುವೆ ಪಂಕ್ತಿಯಲ್ಲಿ ಹಾಡಿದ್ದಾರೆ, ಶಿಕ್ಷಕರ ತರಬೇತಿಯೊಂದರಲ್ಲಿ ಇಡೀ ಹಾಲೇ ಹಾಡಿತ್ತು. ನಾನೂ ನಗುತ್ತಾ ತಾಳ ಹಾಕಿದ್ದೇನೆ. ಆದರೆ ಊರಿಗೆ ಹೋಗುವ ಬಸ್ಸಿನಲ್ಲಿ ಕೆರೆ ಕಾಣುವ ಕಡೆಯ ಸೀಟಿನಲ್ಲಿ ನಾನು ಕೂತವಳಲ್ಲ.

ಕೆರೆಯದೇನೂ ತಪ್ಪಿಲ್ಲ. ನನ್ನ ತಮ್ಮ ಹೋದದ್ದು ಆ ಕೆರೆಯಲ್ಲಿ ಅಲ್ಲ, ನಮ್ಮ ಹಳ್ಳಿಯ ಸಣ್ಣ ಕಟ್ಟೆಯಲ್ಲಿ. 1983ರಲ್ಲಿ, ದೀಪಾವಳಿಗೆ ಇನ್ನೂ ನಾಲ್ಕೈದು ದಿನ ಇತ್ತು. ನನಗೆ ಹನ್ನೊಂದು, ಅವನಿಗೆ ಎಂಟು. ಹಬ್ಬಕ್ಕೆಂದು ಮನೆಯ ಹಾಸಿಗೆ ಬಟ್ಟೆಯೆಲ್ಲ ಹೊತ್ತುಕೊಂಡು ಅಮ್ಮನೂ ನಾನೂ ಹೋಗಿದ್ದೆವು. ಒಗೆದಿದ್ದನ್ನು ಬೇಲಿ ಮೇಲೆ ಹರಡಲು ಅಮ್ಮ ಆಚೆ ಹೋದಳು. ನಾನು ಕಲ್ಲಿನ ಮೇಲೆ ಕಂಬಳಿ ತುಳಿಯುತ್ತಿದ್ದೆ. ಅವನು ನನ್ನ ಬೆನ್ನ ಹಿಂದೆ, ಹತ್ತು ಹೆಜ್ಜೆ ದೂರದಲ್ಲಿ, ಡಬ್ಬದಲ್ಲಿ ಮೀನು ಹಿಡಿಯುತ್ತಿದ್ದ. ತಿರುಗಿ ನೋಡಿದಾಗ ಡಬ್ಬ ಮಾತ್ರ ತೇಲುತ್ತಿತ್ತು.

ಆ ದಿನ ಅಮ್ಮ ಕೇಳಿದ ಪ್ರಶ್ನೆ ಒಂದೇ. "ಕೂಗ್ಲಿಲ್ವೇನೆ ಅವ್ನು? ನಿಂಗೆ ಕೇಳಿಸ್ಲಿಲ್ವೇನೆ?" ಆಮೇಲೆ ಯಾವತ್ತೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ, ನಾನೇ ಕೇಳಿಕೊಳ್ಳುತ್ತಿದ್ದೆ.

ತಿಥಿ ಮುಗಿದ ಮೇಲೆ ಅಪ್ಪ ಅಣ್ಣನನ್ನು ತೋಟದ ಬಾವಿಗೆ ಕರೆದುಕೊಂಡು ಹೋದರು. ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಅದರ ತುದಿ ತಾವು ಹಿಡಿದುಕೊಂಡು ನೀರಿಗೆ ತಳ್ಳಿದರು. ಹದಿನೈದು ದಿನಕ್ಕೆ ಅಣ್ಣ ಮೀನಾದ. ನನಗೆ ಬಂದ ಅಪ್ಪಣೆ ಬೇರೆ: ಇನ್ನು ಮೇಲೆ ನೀರಿನ ಹತ್ತಿರ ಸುಳಿಯಕೂಡದು. ಒಂದೇ ಸಾವಿನಿಂದ ಅವನು ಈಜು ಕಲಿತ, ನಾನು ಭಯ ಕಲಿತೆ. ಇದನ್ನು ಯಾರೂ ಅನ್ಯಾಯ ಅಂದುಕೊಳ್ಳಲಿಲ್ಲ, ಆಗ ನಾನೂ ಅಂದುಕೊಳ್ಳಲಿಲ್ಲ. ಹೆಣ್ಣುಮಕ್ಕಳಿಗೆ ಈಜು ಯಾಕೆ ಅನ್ನುವ ಊರಿನಲ್ಲಿ ಬಟ್ಟೆ ಒಗೆಯಲು, ನೀರು ಸೇದಲು, ಎಮ್ಮೆ ತೊಳೆಯಲು ದಿನಾ ನೀರಿಗಿಳಿಯುವವರು ಮಾತ್ರ ಹೆಣ್ಣುಮಕ್ಕಳೇ. ನಿಶಾ ಮಿಲೆಟ್ ಅವರ ಬಗ್ಗೆ ಓದಿದಾಗ ನನಗೆ ಅಪ್ಪನ ನೆನಪಾಗಿತ್ತು. ಆಕೆ ಐದನೇ ವಯಸ್ಸಿನಲ್ಲಿ ಮುಳುಗುವುದರಲ್ಲಿದ್ದು ಬದುಕಿಕೊಂಡ ಹುಡುಗಿ. ಮಗಳ ಭಯ ಹೋಗಬೇಕೆಂದು ತಂದೆಯೇ ಮತ್ತೆ ನೀರಿಗೆ ಇಳಿಸಿದರು. 2000ದಲ್ಲಿ ಆಕೆ ಸಿಡ್ನಿ ಒಲಿಂಪಿಕ್ಸಿನಲ್ಲಿ ಈಜಿದರು. ಒಲಿಂಪಿಕ್ಸಿನ ಮಾತು ಬಿಡಿ, ಕಟ್ಟೆಯ ಹತ್ತು ಹೆಜ್ಜೆ ದಾಟುವಷ್ಟು ಬಂದಿದ್ದರೆ ನನಗೆ ಸಾಕಿತ್ತು.

2022ರ ದಸರಾ ರಜಕ್ಕೆ ಊರಿಗೆ ಹೋದೆ. ಆ ವರ್ಷದ ಮಳೆ ಗೊತ್ತಲ್ಲ. ಎಷ್ಟೋ ವರ್ಷ ಬತ್ತಿ, ಬೋರ್‌ವೆಲ್ ಬಂದ ಮೇಲೆ ಯಾರಿಗೂ ಬೇಡವಾಗಿ, ತೆಂಗಿನ ಗರಿ ಎಸೆಯುವ ಗುಂಡಿಯಂತಾಗಿದ್ದ ನಮ್ಮ ತೋಟದ ಬಾವಿ ಬಾಯಿಮಟ್ಟ ತುಂಬಿತ್ತು. ಅಣ್ಣ ಗರಿಯನ್ನೆಲ್ಲ ಎತ್ತಿಸಿ ಚೊಕ್ಕ ಮಾಡಿಸಿದ್ದ. ಅಣ್ಣನ ಮಗ, ಒಂಬತ್ತನೇ ಕ್ಲಾಸಿನವನು, "ಅತ್ತೆ, ಇಲ್ನೋಡಿ" ಅಂದವನೇ ಪಂಪ್ ಮನೆಯ ಚಾವಣಿಯಿಂದ ಹಾರಿದ. ನಾನು ಕಿರುಚಿದ ಸದ್ದಿಗೆ ಪಕ್ಕದ ತೋಟದವರು ಓಡಿಬಂದರು. ಹುಡುಗ ಮೇಲೆ ಬಂದು ಮುಖ ಒರೆಸಿಕೊಂಡು ಕೇಳಿದ, "ಸೈನ್ಸ್ ಮಿಸ್ ಆಗಿದ್ಕೊಂಡು ಈಜು ಬರಲ್ವಾ ಅತ್ತೆ? ಆರ್ಕಿಮಿಡೀಸ್ ಪಾಠ ನೀವೇ ಹೇಳ್ಕೊಟ್ರಲ್ಲ."

ಹೌದು, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ತತ್ವವನ್ನು ಬೋರ್ಡಿನ ಮೇಲೆ ಬರೆದಿದ್ದೇನೆ. ಶ್ವಾಸಕೋಶ ತುಂಬ ಗಾಳಿ ಇದ್ದಾಗ ಹೆಚ್ಚಿನವರ ದೇಹದ ಸಾಂದ್ರತೆ ನೀರಿಗಿಂತ ಕೂದಲೆಳೆಯಷ್ಟು ಕಡಿಮೆ, ಉಸಿರು ಬಿಟ್ಟುಬಿಟ್ಟರೆ ಅಷ್ಟೇ ಹೆಚ್ಚು. ಹೆದರಿದವನು ಕೈ ಮೇಲೆತ್ತುತ್ತಾನೆ. ಎತ್ತಿದ ಕೈಯ ಭಾರವನ್ನು ನೀರು ಹೊರುವುದಿಲ್ಲ, ಆದ್ದರಿಂದ ತಲೆ ಒಳಗೆ ಹೋಗುತ್ತದೆ. ಇದೆಲ್ಲ ಬಾಯಿಪಾಠ. ನಂಬಿಕೆ ಮಾತ್ರ ಇರಲಿಲ್ಲ.

ಮಾರನೇ ದಿನ ಬೆಳಗ್ಗೆ ಐದೂವರೆಗೆ ಅವನನ್ನು ಎಬ್ಬಿಸಿದೆ. ಯಾಕೆ ಅಂತ ನನಗೂ ಸರಿಯಾಗಿ ಗೊತ್ತಿಲ್ಲ. ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲ, ಐವತ್ತಾಯಿತು ಅನ್ನುವುದೊಂದು ತಲೆಯಲ್ಲಿತ್ತು.

ಮೊದಲ ತೊಡಕು ನೀರಿನದಲ್ಲ, ಬಟ್ಟೆಯದು. ಸೀರೆ ಕಾಲಿಗೆ ಸುತ್ತುತ್ತದೆ, ನೈಟಿ ಕೊಡೆಯ ಹಾಗೆ ಮೇಲೇಳುತ್ತದೆ. ಕೊನೆಗೆ ಅಣ್ಣನ ಟ್ರ್ಯಾಕ್ ಪ್ಯಾಂಟು, ಅವನದೇ ಹಳೇ ಟೀ ಶರ್ಟು, ಮೇಲೊಂದು ಟವೆಲು ಸುತ್ತಿಕೊಂಡು ಅಮ್ಮನ ಕಣ್ಣು ತಪ್ಪಿಸಿ ಹಿತ್ತಲ ಬಾಗಿಲಿಂದ ಹೊರಟೆ. ಐವತ್ತು ವರ್ಷದ ಹೆಡ್‌ಮಿಸ್ ಕಳ್ಳಿಯ ಹಾಗೆ ಅಡಿಕೆ ಸಾಲಿನಲ್ಲಿ ಬಗ್ಗಿ ನಡೆಯುವುದನ್ನು ನನ್ನ ವಿದ್ಯಾರ್ಥಿಗಳು ನೋಡಬೇಕಿತ್ತು.

ಈಗ ಸೋರೆ ಬುರುಡೆ ಎಲ್ಲಿ ಸಿಗುತ್ತದೆ? ಹುಡುಗ ಐದು ಲೀಟರಿನ ಎರಡು ಖಾಲಿ ಎಣ್ಣೆ ಕ್ಯಾನುಗಳಿಗೆ ಮುಚ್ಚಳ ಬಿಗಿದು ನನ್ನ ಬೆನ್ನಿಗೆ ಕಟ್ಟಿದ. ಮೊದಲ ಮೂರು ದಿನ ನಾನು ಮೆಟ್ಟಿಲ ಕಲ್ಲು ಬಿಡಲಿಲ್ಲ. ನೀರು ಎದೆಯವರೆಗೆ ಬಂದಾಗ ಉಸಿರು ತಾನಾಗಿ ಗಿಡ್ಡವಾಗುತ್ತಿತ್ತು, ಕಾಲಡಿ ಏನೂ ಇಲ್ಲದ್ದು ತಿಳಿದಾಗ ಹೊಟ್ಟೆಯೊಳಗೆ ಯಾರೋ ಹಿಂಡಿದಂತೆ. ಅವನು ಬೇಸರ ಮಾಡಿಕೊಳ್ಳಲಿಲ್ಲ. ಅವನಷ್ಟು ತಾಳ್ಮೆಯಿಂದ ನಾನು ಯಾವ ಮಗುವಿಗೂ ಲೆಕ್ಕ ಹೇಳಿಕೊಟ್ಟಿಲ್ಲ. "ಮುಖ ಒಳಗಿಟ್ಟು ಗುಳುಗುಳು ಅನ್ನಿಸಿ ಅತ್ತೆ, ಅಷ್ಟೇ ಇವತ್ತು," ಅನ್ನುತ್ತಿದ್ದ. ನಾಲ್ಕನೇ ದಿನ ಅಂಗಾತ ಮಲಗಿಸಿ ತಲೆಯ ಕೆಳಗೆ ಎರಡು ಬೆರಳು ಇಟ್ಟ. ಕಿವಿ ನೀರೊಳಗೆ ಹೋದವು. ಮೇಲೆ ತೆಂಗಿನ ಗರಿ, ಅದರಾಚೆ ಬೆಳಗಾಗುತ್ತಿದ್ದ ಆಕಾಶ. ಬೆರಳನ್ನು ಅವನು ಯಾವಾಗ ತೆಗೆದನೋ ಗೊತ್ತಾಗಲಿಲ್ಲ.

ಎಂಟನೇ ದಿನ ಕ್ಯಾನು ಬಿಚ್ಚಿದ. ಈ ದಡದಿಂದ ಆ ದಡಕ್ಕೆ ಐದಾರು ಮಾರು, ಅಷ್ಟೇ. ಅರ್ಧಕ್ಕೆ ಹೋದವಳು ಕೆಳಗೆ ನೋಡಿದೆ. ಹಸಿರು ನೀರು ಕಪ್ಪಾಗುತ್ತಾ ಹೋಗಿತ್ತು. ಅದೇ ಸಾಕಾಯಿತು, ಕೈ ಮೇಲೆತ್ತಿಬಿಟ್ಟೆ. ಬಾಯಿ ನೀರಿನ ಮಟ್ಟಕ್ಕೆ ಬಂದಾಗ ಹುಡುಗನ ಹೆಸರು ಹಿಡಿದು ಕೂಗಲು ಹೊರಟೆ. ಬರಲಿಲ್ಲ. ಬಾಯಿ ತೆರೆದದ್ದು ಗಾಳಿಗೆ, ಮಾತಿಗೆ ಅಲ್ಲ. ಮತ್ತೆ ಒಳಗೆ ಹೋದೆ, ಮತ್ತೆ ಮೇಲೆ ಬಂದೆ, ಮತ್ತೆ ಉಸಿರೊಂದೇ. ಮೂರು ನಾಲ್ಕು ಸೆಕೆಂಡು ಇದ್ದೀತು. ಅಷ್ಟರಲ್ಲಿ ಅವನು ಕಂಕುಳಿಗೆ ಕೈ ಹಾಕಿ ಎಳೆದು ಮೆಟ್ಟಿಲಿಗೆ ತಂದ. "ಕರೀಬಾರ್ದಾ ಅತ್ತೆ? ನಾನು ಆ ಕಡೆ ನೋಡ್ತಿದ್ದಿದ್ರೆ?" ಅಂದ.

ನಾನು ಮೆಟ್ಟಿಲ ಮೇಲೆ ಕೂತು ಅತ್ತೆ. ಹೆದರಿಕೆಯ ಅಳು ಅಂದುಕೊಂಡ ಹುಡುಗ ಗಾಬರಿಯಾದ.

ಆ ರಾತ್ರಿ ಮೊಬೈಲಿನಲ್ಲಿ ಹುಡುಕಿ ಓದಿದೆ. ನ್ಯೂಯಾರ್ಕಿನ ಕಡಲತೀರದಲ್ಲಿ ಜೀವರಕ್ಷಕನಾಗಿದ್ದ ಫ್ರಾಂಕ್ ಪಿಯಾ ಎಂಬಾತ ಅರ್ಧ ಶತಮಾನದ ಹಿಂದೆಯೇ ಮುಳುಗುವವರನ್ನು ಚಿತ್ರೀಕರಿಸಿ, ಅವರು ಹೇಗೆ ವರ್ತಿಸುತ್ತಾರೆಂದು ಬರೆದಿದ್ದಾನೆ. ಸಿನಿಮಾದಲ್ಲಿ ತೋರಿಸುವ ಹಾಗೆ ಅವರು ಕೈ ಬೀಸುವುದಿಲ್ಲ, ಕೂಗುವುದಿಲ್ಲ. ದೇಹಕ್ಕೆ ಮೊದಲು ಉಸಿರು, ಮಾತು ಆಮೇಲೆ. ಬಾಯಿ ನೀರಿನ ಮೇಲೆ ಇರುವಷ್ಟು ಹೊತ್ತಿನಲ್ಲಿ ಉಸಿರೆಳೆದುಕೊಳ್ಳುವುದಕ್ಕೇ ಸಮಯ ಸಾಲದು. ಇಪ್ಪತ್ತರಿಂದ ಅರವತ್ತು ಸೆಕೆಂಡಿನೊಳಗೆ ಎಲ್ಲ ಮುಗಿಯುತ್ತದೆ. ಪಕ್ಕದಲ್ಲೇ ಇದ್ದವರಿಗೂ ತಿಳಿಯದೆ ಹೋಗುವುದುಂಟು. ಆ ಸಾಲುಗಳನ್ನು ಎಷ್ಟು ಸಲ ಓದಿದೆನೋ. ಆದರೂ, ಬರೀ ಓದಿದ್ದರೆ ನಾನು ನಂಬುತ್ತಿರಲಿಲ್ಲ ಅನ್ನಿಸುತ್ತದೆ. ಆರ್ಕಿಮಿಡೀಸನ ಹಾಗೆ ಅದೂ ಬೋರ್ಡಿನ ಮೇಲೇ ಉಳಿಯುತ್ತಿತ್ತು.

ಬೆಳಗ್ಗೆ ಅಮ್ಮ ಒಲೆಯ ಮುಂದೆ ಕೂತಿದ್ದಳು. ಎಂಬತ್ತು ದಾಟಿದ್ದಾಳೆ, ಕಣ್ಣು ಮಂಜಾಗಿದೆ, ಆದರೆ ಒಂದು ವಾರದಿಂದ ನನ್ನ ತಲೆ ಒದ್ದೆಯಾಗಿರುವುದು ಅವಳಿಗೆ ಗೊತ್ತಿತ್ತು. ಕೇಳಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಬಾವಿಯದು, ಕ್ಯಾನಿನದು, ಕೂಗು ಬಾರದೆ ಹೋದದ್ದು. "ಕೂಗಕ್ಕಾಗಲ್ಲಮ್ಮ. ಅವ್ನು ಕೂಗಿರಲ್ಲ," ಅಂದೆ.

ಅವಳು ಸೌದೆ ಒಳಗೆ ತಳ್ಳಿದಳು. ತುಂಬಾ ಹೊತ್ತಾದ ಮೇಲೆ, "ನಿಂಗೆ ಕೇಳ್ಬಾರ್ದಿತ್ತು ಕಣೆ ಆವತ್ತು," ಅಂದಳು. ಆಮೇಲೆ ಸೆರಗಿನಿಂದ ನನ್ನ ಕೂದಲು ಹಿಡಿದು ಒರೆಸತೊಡಗಿದಳು. ಶೀತ ಆಗುತ್ತದೆ ಅಂತ ಬೈದಳು.

ರಜ ಮುಗಿಯಲು ಮೂರು ದಿನ ಇತ್ತು. ಮಾರನೇ ದಿನ ಹುಡುಗನ ಕೈ ಹಿಡಿದುಕೊಂಡು ಅಮ್ಮನೂ ತೋಟಕ್ಕೆ ಬಂದಳು. ಬಾವಿಯ ಹತ್ತಿರ ಬರಲೊಲ್ಲಳು. ಪಂಪ್ ಮನೆಯ ಜಗಲಿಯ ಮೇಲೆ, ಬಾವಿಗೆ ಬೆನ್ನು ಮಾಡಿ ಕೂತಳು. ನಾನು ನೀರಿಗಿಳಿದೆ. ಸ್ವಲ್ಪ ಹೊತ್ತಿಗೆ ಕೇಳಿಸಿತು, "ಇದ್ದೀಯೇನೇ?"

"ಇದ್ದೀನಮ್ಮ."

ನಾಲ್ಕು ಸಲ ಕೈ ಬೀಸುವಷ್ಟರಲ್ಲಿ ಮತ್ತೆ, "ಇದ್ದೀಯಾ?"

ತಲೆ ಮೇಲೆತ್ತಿ, ಉಸಿರೆಳೆದುಕೊಂಡು, ಮತ್ತೆ ಹೇಳಿದೆ.