ಗ್ರಂಧಿಗೆ ಅಂಗಡಿಯ ವಿವೇಕ

ಮೈಸೂರಿನ ಚಿಕ್ಕಗಡಿಯಾರದ ಕಡೆಯಿಂದ ದೇವರಾಜ ಮಾರುಕಟ್ಟೆಯನ್ನು ಹೊಕ್ಕು, ಕಟ್ಟುಕಟ್ಟಾಗಿ ಜೋಡಿಸಿದ ವೀಳ್ಯದೆಲೆಯನ್ನೂ, ಮಾರು ಹಾಕಿ ಅಳೆದು ಕೊಡುವ ಮಲ್ಲಿಗೆಯನ್ನೂ, ಶಿಖರವಾಗಿ ರಾಶಿ ಮಾಡಿದ ಕುಂಕುಮವನ್ನೂ ದಾಟಿ ನಡೆಯುವವರಿಗೆ, ಆಸುಪಾಸಿನ ಗ್ರಂಧಿಗೆ ಅಂಗಡಿಗಳಿಂದ ಹೊಮ್ಮುವ ಪಚ್ಚಕರ್ಪೂರ, ಬಜೆ, ಸಾಂಬ್ರಾಣಿಗಳ ಮಿಶ್ರಗಂಧವು ನಾಮಕರಣದಿಂದ ವೈಕುಂಠ ಸಮಾರಾಧನೆಯವರೆಗಿನ ಗೃಹಕೃತ್ಯಗಳೆಲ್ಲವನ್ನೂ ಒಮ್ಮೆಗೇ ನೆನಪಿಗೆ ತರುತ್ತದೆ.

ಅಂತಹದೊಂದು ಅಂಗಡಿಯಲ್ಲಿ, ಬಾಣಂತಿಯ ಸಾಮಾನಿನ ಚೀಟಿ ಹಿಡಿದು ನಿಂತಿದ್ದ ವೃದ್ಧೆಯೊಬ್ಬರನ್ನು ವರ್ತಕರು ಮೊದಲು ಕೇಳಿದ್ದು, “ಹೆರಿಗೆ ಆಗಿ ಎಷ್ಟು ದಿನ ಆಯ್ತಮ್ಮ?” ಎಂದು. ಉತ್ತರವನ್ನು ಕೇಳಿಕೊಂಡು, ಚೀಟಿಯಲ್ಲಿದ್ದುದಕ್ಕಿಂತ ಹಿಪ್ಪಲಿಯ ತೂಕವನ್ನು ಕೊಂಚ ತಗ್ಗಿಸಿ, ಜಾಯಿಕಾಯಿಯೊಂದನ್ನು ಒಡೆದು ಒಳಗಿನ ಹುಳುಕನ್ನು ಬೆಳಕಿಗೆ ಹಿಡಿದು ತೋರಿಸಿ, “ಇದು ಬೇಡಿ, ಸೋಮವಾರ ಹೊಸ ಮಾಲು ಬರುತ್ತೆ, ಆಗ ಕೊಡ್ತೀನಿ” ಎಂದು ಡಬ್ಬವನ್ನು ಹಿಂದಕ್ಕಿಟ್ಟುಬಿಟ್ಟರು. ಕೈಗೆ ಬಂದ ವ್ಯಾಪಾರವನ್ನು ತಾನಾಗಿ ಬಿಟ್ಟುಕೊಡುವ ಈ ವಿವೇಕವು, ಕೊಳ್ಳುವವರ ಮುಖವನ್ನು ನಾಳೆಯೂ ನೋಡಬೇಕಾದ, ಲಾಭನಷ್ಟಗಳೆರಡಕ್ಕೂ ತಾನೇ ಒಡೆಯನಾದ ವರ್ತಕನಲ್ಲಿ ಸಹಜವಾಗಿ ಬೆಳೆಯತಕ್ಕದ್ದು; ದೂರದ ಯಾವುದೋ ನಗರದಲ್ಲಿ ಬೆಲೆ ನಿಶ್ಚಯವಾಗಿ, ಮೊಹರು ಹಾಕಿದ ಪೊಟ್ಟಣದಲ್ಲಿ ಮನೆಬಾಗಿಲಿಗೆ ಬರುವ ಜಾಯಿಕಾಯಿಯನ್ನು ನಮಗಾಗಿ ಒಡೆದು ನೋಡುವವರಾರು?

ಮಧ್ಯಾಹ್ನದ ಬಿಡುವಿನಲ್ಲಿ ಗೆಜ್ಜೆವಸ್ತ್ರ, ಹೂಬತ್ತಿಗಳನ್ನು ಹೊಸೆದು ತರುವ ಅಗ್ರಹಾರದ ಗೃಹಿಣಿಯರೂ, ಗೌರಿಯ ಬಾಗಿನಕ್ಕೆ ಮೊರ ಹೆಣೆದು ಕೊಡುವ ಮೇದರೂ ಇಂತಹ ಅಂಗಡಿಯನ್ನೇ ನಂಬಿದವರು. ಹತ್ತು ಕಟ್ಟು ಬತ್ತಿಗೆ ಲೆಕ್ಕ ತೆರೆದು ಅಂದೇ ಹಣವೆಣಿಸುವ ಸೌಜನ್ಯವನ್ನು ಬೃಹತ್ ಸಂಸ್ಥೆಗಳಿಂದ ಅವರು ನಿರೀಕ್ಷಿಸಲಾರರು. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆಗಳಿಗೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಿರುವುದು ಸಂತೋಷದ ಸಂಗತಿಯೇ. ಆದರೆ ನಿಜವಾದ ರಸಬಾಳೆಯನ್ನು ಗುರುತಿಸಬಲ್ಲ ವರ್ತಕನೂ, ಅವನನ್ನು ಅರಸಿ ಬರುವ ಗಿರಾಕಿಯೂ ಇಲ್ಲವಾದರೆ ಆ ಮನ್ನಣೆಯಿಂದ ಬೆಳೆಗಾರನಿಗಾಗುವ ಪ್ರಯೋಜನ ಅತ್ಯಲ್ಪ.

2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಪ್ರಾಣಹಾನಿಯಾದಾಗಲೂ, 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಪಾರ್ಶ್ವ ಬಿದ್ದಾಗಲೂ ಊರೇ ಮರುಗಿತು. ಗೋಡೆಗಳ ವಿಷಯವಾಗಿ ಇಷ್ಟು ಕಳವಳಪಡುವ ನಾವು, ಗಿರಾಕಿಗಳಿಲ್ಲದೆ ಒಂದೊಂದಾಗಿ ಬಾಗಿಲು ಹಾಕುವ ಅಂಗಡಿಗಳನ್ನು ಕುರಿತು ಅದರ ಕಾಲುಭಾಗವಾದರೂ ಚಿಂತಿಸಬೇಡವೆ?

ಕೆಲವು ಪದಾರ್ಥಗಳಿಗೆ ಇಲ್ಲಿ ನಾಲ್ಕು ಕಾಸು ಹೆಚ್ಚು ತೆರಬೇಕಾದೀತು. ಬಿಗಿಯಾದ ಸಂಬಳದಲ್ಲಿ ಸಂಸಾರ ನಡೆಸುವವರಿಗೆ ಅದು ಅಲ್ಪವಲ್ಲವೆಂಬುದನ್ನು ಬಲ್ಲೆ, ಅವರನ್ನು ಆಕ್ಷೇಪಿಸಲು ನನಗೆ ಮನಸ್ಸು ಬಾರದು. ಶಕ್ತಿಯುಳ್ಳವರಾದರೋ, ಗೌರಿಹಬ್ಬದ ಹಿಂದಿನ ಸಂಜೆ ಅಂಗಡಿಯ ಮುಂದೆ ಕಿಕ್ಕಿರಿದು ನಿಂತು, ಮಿಕ್ಕ ದಿನಗಳಲ್ಲಿ ಆ ಬೀದಿಯನ್ನೇ ಮರೆಯುವುದು ಸಲ್ಲದು. ಏಕೆಂದರೆ ಮಳಿಗೆಯ ಬಾಡಿಗೆಯೂ ಆಳಿನ ಸಂಬಳವೂ ಆಷಾಢದಲ್ಲಿಯೂ ಕೊಡಬೇಕಾದವುಗಳೇ. ಆದಕಾರಣ ಮೆಣಸು, ಜೀರಿಗೆ, ಧನಿಯ, ದೇವರ ದೀಪದ ಎಣ್ಣೆ, ತಿಂಗಳ ಸಾಮಾನಿನಲ್ಲಿ ಇಷ್ಟನ್ನಾದರೂ ಊರಿನವರು ಅಲ್ಲಿಂದಲೇ ತರಬೇಕೆಂದು ನನ್ನ ವಿಜ್ಞಾಪನೆ. ತರುವಾಗ ಮನೆಯ ಮಕ್ಕಳನ್ನೂ ಜೊತೆಗೆ ಕರೆದೊಯ್ದು, ಅಳಲೆಕಾಯಿ ಯಾವುದು, ತಾರೆಕಾಯಿ ಯಾವುದು ಎಂಬುದನ್ನು ಆ ವರ್ತಕರ ಬಾಯಿಂದಲೇ ಕೇಳಿಸಬೇಕು.