ಛತ್ರದವನ ಪಾಲು

ಹೇಮಗುಡ್ಡದಲ್ಲಿ ಒಮ್ಮೆ ಬಾಣಂತಿಯ ಮನೆಗೆ ಹೊರಟಿದ್ದ ಆಶಾ ಕಾರ್ಯಕರ್ತೆಯೊಬ್ಬರ ಜೊತೆಗೂಡಿದೆ. ಆಸ್ಪತ್ರೆಯಲ್ಲಿ ಹುಟ್ಟಿದ ಶಿಶುವನ್ನು 3ನೇ ದಿನದಿಂದ 42ನೇ ದಿನದೊಳಗೆ 6 ಬಾರಿ ಮನೆಗೆ ಹೋಗಿ ನೋಡಬೇಕೆಂಬುದು ನಿಯಮ. ಆಕೆ ಕೂಸನ್ನು ತೂಗಿ, ಥರ್ಮಾಮೀಟರ್ ಇಟ್ಟು, ಗಡಿಯಾರ ನೋಡುತ್ತ ಅದರ ಉಸಿರನ್ನು ಎಣಿಸಿದರು. ನಿಮಿಷಕ್ಕೆ 60 ಅಥವಾ ಅದಕ್ಕೂ ಮೀರಿದರೆ ಅಪಾಯದ ಸೂಚನೆ. ಬರಿಯ ಕರುಣೆಯಿಂದ ಬರುವ ವಿದ್ಯೆಯಲ್ಲ ಇದು, ತರಬೇತಿಯಲ್ಲಿ ಕಲಿತದ್ದು.

"ನಿಮ್ಮ ಸೇವೆಗೆ ದೇವರು ಪ್ರತಿಫಲ ಕೊಡುತ್ತಾನಮ್ಮಾ" ಎಂದೆ.

ಆಕೆ ನಕ್ಕು, "ಕೊಡ್ತಾನ್ರಿ ಫಾದರ್. ಆದ್ರ ಮುಂದಿನ ತರಬೇತಿ, ಬಡ್ತಿ ಯಾರ್ ಕೊಡ್ತಾರ್ರಿ?" ಎಂದರು.

ನಾನು ನಿರುತ್ತರನಾದೆ. 2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನವು ಈ ಮಹಿಳೆಯರನ್ನು ಸ್ವಯಂಸೇವಕಿಯರೆಂದೇ ಪರಿಗಣಿಸಿತು. ಸ್ವಯಂಸೇವಕಿಗೆ ಬಡ್ತಿ ಎಲ್ಲಿಯದು? ಸೇವೆಯೆಂಬ ಮಾತನ್ನು ಬಲಿಪೀಠದ ಮುಂದೆ ನಿಂತು ನಾವೂ ಎಷ್ಟು ಸುಲಭವಾಗಿ ಆಡಿಬಿಡುತ್ತೇವೆ!

ಅಂದು ರಾತ್ರಿ ಲೂಕನ ಶುಭಸಂದೇಶದ 10ನೇ ಅಧ್ಯಾಯವನ್ನು ತೆರೆದೆ. ಸಮಾರಿಯದವನ ಕುರಿತು ಎಷ್ಟೋ ಪ್ರಬೋಧನೆ ಮಾಡಿದ್ದೇನೆ. ಗಾಯಾಳುವನ್ನು ಮುಂದೆ ನೋಡಿಕೊಳ್ಳಬೇಕಾಗಿದ್ದ ಛತ್ರದವನನ್ನು ಮಾತ್ರ ನೆನೆದಿರಲಿಲ್ಲ. ಸಮಾರಿಯದವನು ಅವನನ್ನು ಹೊಗಳಿ ಹೊರಟುಹೋಗಲಿಲ್ಲ. 2 ಬೆಳ್ಳಿ ನಾಣ್ಯಗಳನ್ನು ಕೈಗಿತ್ತ. ಹೆಚ್ಚು ಖರ್ಚಾದರೆ ಹಿಂದಿರುಗುವಾಗ ತೀರಿಸುವೆನೆಂದು ಮಾತನ್ನೂ ಕೊಟ್ಟ.